ಜೀಪಿನ ಹಿಂದಿನ ಸ್ಪ್ರಿಂಗು

ಕನ್ನಡ ಪಂಡಿತನಾದವನು ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ಮಾತನಾಡುವುದನ್ನು ಬಿಟ್ಟು ಜೀಪಿನ ಹಿಂಬದಿಯ ಸ್ಪ್ರಿಂಗನ್ನು ಕುರಿತು ಮಾತನಾಡಲು ಹೊರಟರೆ ನಿಮಗೆ ನಗು ಬಂದೀತು. ಬರಲಿ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರಿಗೂ ಬಂದಿತು. ಆದರೆ ಈ ವಿಷಯದಲ್ಲಿ ಬಾಯಿ ತೆರೆಯುವ ಅಧಿಕಾರ ನನಗೆ ಒಂದು ಬೇರೆ ದಾರಿಯಿಂದ ಒದಗಿದೆ. ತಿಳಿಯದೆ ಸಲಹೆ ಕೊಟ್ಟು, ಆ ಸಲಹೆಯ ಫಲವನ್ನು ಮಂಡಿಯೂರಿ ಗಾಡಿಯ ಅಡಿಯಲ್ಲಿ ಕಂಡವನು ನಾನು. ನಿಮ್ಮಲ್ಲಿ ತೋಟ ಗದ್ದೆ ಇರುವವರು, ಘಟ್ಟದ ದಾರಿಯಲ್ಲಿ ಓಡಾಡುವವರು, ಮನೆಯ ಹುಡುಗರು ಇಂಥ ಗಾಡಿ ಬೇಕೆಂದು ಹಟ ಹಿಡಿದಿರುವವರು ಇದ್ದೇ ಇರುತ್ತೀರಿ. ನನ್ನ ತಪ್ಪು ನಿಮ್ಮದಾಗದಿರಲಿ ಎಂದು ಈ ಮಾತು.

ನನ್ನ ಅಕ್ಕನ ಮಗ ಮೂಡಿಗೆರೆಯ ಆಚೆ, ಕೊಟ್ಟಿಗೆಹಾರದ ಹತ್ತಿರ ಒಂದು ಸಣ್ಣ ಕಾಫಿ ತೋಟವನ್ನು ನೋಡಿಕೊಂಡಿದ್ದಾನೆ. ತೋಟದ ಮನೆಯಿಂದ ಡಾಂಬರು ರಸ್ತೆಗೆ ಆರು ಕಿಲೋಮೀಟರು. ಅದನ್ನು ರಸ್ತೆ ಎನ್ನುವುದು ಉತ್ಪ್ರೇಕ್ಷಾಲಂಕಾರ. ಒಂದು ಚಕ್ರ ಬಂಡೆಯ ಮೇಲೆ, ಇನ್ನೊಂದು ಚಕ್ರ ನೀರು ಕೊರೆದ ಗುಂಡಿಯೊಳಗೆ. ಹೀಗೆ ಹತ್ತಿ ಇಳಿದು ಹೋಗಬೇಕು. ಅದಕ್ಕೆಂದೇ ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಸಿಕ್ಕುವ ಗಾಡಿಯೊಂದನ್ನು ಇಟ್ಟಿದ್ದಾನೆ. ಕಂಪನಿಯ ಹೆಸರು ಇಲ್ಲಿ ಬೇಡ; ಮಲೆನಾಡಿನಲ್ಲಿ ಅಂಥದಕ್ಕೆಲ್ಲ ಜೀಪು ಎಂಬುದೊಂದೇ ಹೆಸರು. ಗೊಬ್ಬರದ ಮೂಟೆ, ಕಾಫಿಯ ಮೂಟೆ, ಪೇಟೆಯ ಸಾಮಾನು ಎಲ್ಲವೂ ಅದರಲ್ಲೇ. ಶಾಲೆ ಇರುವ ದಿನಗಳಲ್ಲಿ ಲೈನ್ ಮನೆಗಳ ಏಳೆಂಟು ಮಕ್ಕಳನ್ನು ಬಸ್ಸು ನಿಲ್ಲುವ ಕಡೆಗೆ ಬೆಳಗ್ಗೆ ಬಿಟ್ಟು, ಸಂಜೆ ಕರೆತರುವುದೂ ಅದರಲ್ಲೇ.

ಒಂದು ಬೇಸಿಗೆಯ ಕೊನೆಯಲ್ಲಿ ಹುಡುಗ ನಮ್ಮ ಮನೆಗೆ ಬಂದ. “ಮಾವ, ಗಾಡಿ ಬಲಕ್ಕೆ ವಾಲ್ತಾ ಇದೆ. ಪೇಟೆಯ ವರ್ಕ್‌ಷಾಪಿನಲ್ಲಿ ಹಿಂದಿನ ಶಾಕ್ ಅಬ್ಸಾರ್ಬರ್ ಎರಡೂ ಬದಲಾಯಿಸಿದರು, ದುಡ್ಡೂ ತೊಗೊಂಡರು. ವಾಲೋದು ಮಾತ್ರ ನಿಲ್ಲಲಿಲ್ಲ” ಎಂದ. ನಾನು ಗಂಭೀರವಾಗಿ ಕೇಳಿಸಿಕೊಂಡೆ. ನಮ್ಮ ಬೀದಿಯ ಒಬ್ಬರು ತಮ್ಮ ಕಾರಿನ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರಿನ ದಪ್ಪ ತುಂಡುಗಳನ್ನು ಸಿಕ್ಕಿಸಿ, ಗಾಡಿ ಎತ್ತರವಾಯಿತೆಂದು ಹೇಳಿಕೊಂಡಿದ್ದು ನೆನಪಾಯಿತು. “ಅದನ್ನು ಹಾಕಿಸು, ಸರಿಹೋಗುತ್ತೆ” ಎಂದೆ. ಹಾಕಿಸಿದ. ಗಾಡಿ ಸುಮಾರಾಗಿ ನೆಟ್ಟಗೆ ನಿಂತಿತು. ಹುಡುಗ ಫೋನು ಮಾಡಿ ಹೇಳಿದಾಗ ನನಗಾದ ಹೆಮ್ಮೆ ಇಷ್ಟಿಷ್ಟಲ್ಲ. ಮಳೆಗಾಲವಿಡೀ ಆ ಜೀಪು ಹಾಗೆಯೇ ಓಡಾಡಿತು. ಮಕ್ಕಳನ್ನು ಕೂರಿಸಿಕೊಂಡೇ ಓಡಾಡಿತು.

ಮುಂದೇನಾಯಿತೆಂಬುದನ್ನು ಹೇಳುವುದಕ್ಕೆ ಮೊದಲು ಸ್ಪ್ರಿಂಗು ಎಂದರೇನು ಎಂಬುದನ್ನು ಸ್ವಲ್ಪ ನೋಡೋಣ. ಅದಕ್ಕೊಂದು ಕನ್ನಡ ಮಾತು ಬೇಕೆಂದು ಕೆಲವರು ಬುಗ್ಗೆ ಎನ್ನುತ್ತಾರೆ. ಬುಗ್ಗೆ ಎಂದರೆ ನನಗೆ ನೀರು ಚಿಮ್ಮುವ ಒರತೆಯೇ ಕಣ್ಣಿಗೆ ಬರುತ್ತದೆ. ಇಂಗ್ಲಿಷಿನ ಒಂದು ಶಬ್ದಕ್ಕೆ ಎರಡು ಅರ್ಥವಿದೆಯೆಂದು ಕನ್ನಡದ ಒಂದು ಶಬ್ದದ ಮೇಲೂ ಎರಡು ಅರ್ಥದ ಹೊರೆ ಹೊರಿಸುವುದು ನ್ಯಾಯವಲ್ಲ. ಗ್ಯಾರೇಜಿನಲ್ಲಿ ಬುಗ್ಗೆ ಕೇಳಿದರೆ ಸಿಕ್ಕುವುದೂ ಇಲ್ಲ. ಸ್ಪ್ರಿಂಗು ಎಂದೇ ಇರಲಿ.

ಹಳೆಯ ಜೀಪುಗಳಲ್ಲಿ ಇದ್ದುದು ಪಟ್ಟಿಯ ಸ್ಪ್ರಿಂಗು. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದಿರುತ್ತಿದ್ದರು. ೧೯೮೫ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿಯೂ ಅದೇ. ಗುಡ್ಡಗಾಡಿನ ಗಾಡಿಗೆ ಸುರುಳಿಯ ಸ್ಪ್ರಿಂಗನ್ನು ನಾಲ್ಕು ಮೂಲೆಗೂ ಹಾಕಿ ಹೆಸರು ಮಾಡಿದ್ದು ಇಂಗ್ಲೆಂಡಿನ ರೇಂಜ್ ರೋವರ್, ೧೯೭೦ರಲ್ಲಿ. ಅದರ ಅಣ್ಣನಾದ ಲ್ಯಾಂಡ್ ರೋವರು ೧೯೮೩ರಲ್ಲಿ ಅದೇ ದಾರಿ ಹಿಡಿಯಿತು. ನಮ್ಮಲ್ಲಿ ೨೦೨೦ರ ಮಹೀಂದ್ರ ಥಾರಿನ ಹಿಂಬದಿಯಲ್ಲಿಯೂ, ೨೦೨೩ರ ಮಾರುತಿ ಜಿಮ್ನಿಯ ನಾಲ್ಕು ಮೂಲೆಗಳಲ್ಲಿಯೂ ಇರುವುದು ಸುರುಳಿಯೇ. ಪಟ್ಟಿಗಿಂತ ಸುರುಳಿ ಮೃದು. ಚಕ್ರ ಗುಂಡಿಗೆ ಇಳಿದಾಗ ಜೊತೆಯಲ್ಲಿ ಇಳಿಯುತ್ತದೆ, ಬಂಡೆ ಹತ್ತಿದಾಗ ಮಡಿಚಿಕೊಳ್ಳುತ್ತದೆ.

ಆದರೆ ಈ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸ ಉಂಟು. ಅದನ್ನು ಅರಿಯದಿದ್ದರೆ ಸುರುಳಿಯ ದೋಷವನ್ನು ಹುಡುಕಲಾಗುವುದಿಲ್ಲ. ಪಟ್ಟಿಯ ಸ್ಪ್ರಿಂಗು ಗಾಡಿಯ ಭಾರವನ್ನು ಹೊರುವುದಲ್ಲದೆ ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದೂ ಇಡುತ್ತದೆ. ಹಿಂದೆ ಮುಂದೆ ಆಗಗೊಡುವುದಿಲ್ಲ, ಎಡಬಲಕ್ಕೆ ಜಾರಗೊಡುವುದಿಲ್ಲ. ಸುರುಳಿಗೆ ಗೊತ್ತಿರುವುದು ಒಂದೇ ಕೆಲಸ, ಮೇಲಿನಿಂದ ಬಂದ ಭಾರವನ್ನು ಹೊರುವುದು. ಆಕ್ಸಲನ್ನು ಹಿಡಿದಿಡುವುದಕ್ಕೆ ಬೇರೆ ತೋಳುಗಳು ಬೇಕು. ಉದ್ದಕ್ಕೆ ಚಾಚಿದ ತೋಳುಗಳು ಹಿಂದೆ ಮುಂದೆ ಆಗದಂತೆ ಹಿಡಿಯುತ್ತವೆ. ಅಡ್ಡಲಾಗಿ, ಒಂದು ತುದಿ ಚಾಸಿಗೂ ಇನ್ನೊಂದು ತುದಿ ಆಕ್ಸಲಿಗೂ ಸೇರಿದ ಸರಳೊಂದು ಬಹಳ ಗಾಡಿಗಳಲ್ಲಿ ಉಂಟು. ಅದು ಎಡಬಲಕ್ಕೆ ಜಾರದಂತೆ ಹಿಡಿಯುತ್ತದೆ. ಪಾನ್ಹಾರ್ಡ್ ರಾಡ್ ಎಂದು ಅದರ ಹೆಸರು. ಅದೇ ಹೆಸರಿನ ಫ್ರಾನ್ಸಿನ ಹಳೆಯ ಮೋಟಾರು ಕಂಪನಿಯಿಂದ ಬಂದದ್ದು. ಈ ತೋಳುಗಳ ತುದಿಯಲ್ಲೆಲ್ಲ ರಬ್ಬರಿನ ಬುಷ್‌ಗಳಿರುತ್ತವೆ. ತಿರುವಿನಲ್ಲಿ ಹಿಂಬದಿ ಎಳೆದಂತಾಗುವುದು, ಬ್ರೇಕು ಒತ್ತಿದಾಗ ಕೆಳಗೆ “ಟಕ್” ಎನ್ನುವುದು, ನೇರ ರಸ್ತೆಯಲ್ಲಿ ಗಾಡಿ ಅಲೆದಾಡುವುದು, ಇವುಗಳಿಗೆಲ್ಲ ಜನ ಸ್ಪ್ರಿಂಗನ್ನು ಬೈಯುತ್ತಾರೆ. ಸ್ಪ್ರಿಂಗು ನಿರಪರಾಧಿ. ಸವೆದ ಬುಷ್ಷೋ ಸಡಿಲವಾದ ಬೋಲ್ಟೋ ಅಲ್ಲಿ ಇರುತ್ತದೆ. ಒಬ್ಬರು ಸ್ಟಿಯರಿಂಗನ್ನು ನಿಂತಲ್ಲೇ ಅತ್ತ ಇತ್ತ ತಿರುಗಿಸಿ ಮುಂದಿನ ಸರಳನ್ನು ನೋಡುವಂತೆ, ಹಿಂಬದಿಯಲ್ಲಿ ಗಾಡಿಯ ಮೈಯನ್ನು ಪಕ್ಕಕ್ಕೆ ಜಗ್ಗಿ ತೂಗಿದರೆ ಬುಷ್ಷಿನ ಸಡಿಲು ಕಣ್ಣಿಗೆ ಕಾಣುತ್ತದೆ.

ಇನ್ನು ಶಾಕ್ ಅಬ್ಸಾರ್ಬರು. ವ್ಯಾಕರಣದಲ್ಲಿ ಅನ್ವರ್ಥನಾಮ ಎಂಬುದುಂಟಲ್ಲ, ಗುಣಕ್ಕೆ ತಕ್ಕ ಹೆಸರು, ಕುಂಟನೆಂಬಂತೆ, ಜಾಣನೆಂಬಂತೆ. ಶಾಕ್ ಅಬ್ಸಾರ್ಬರ್ ಎಂಬುದು ಅನ್ವರ್ಥನಾಮವಲ್ಲ. ಪೆಟ್ಟನ್ನು ನುಂಗುವುದು ಸ್ಪ್ರಿಂಗು. ನುಂಗಿದ ಮೇಲೆ ಸ್ಪ್ರಿಂಗು ಸುಮ್ಮನಿರದೆ ಕುಣಿಯುತ್ತದೆ; ಆ ಕುಣಿತವನ್ನು ನಿಲ್ಲಿಸುವುದು ಈ ಎಣ್ಣೆ ತುಂಬಿದ ಕೊಳವೆಯ ಕೆಲಸ. ನಿಂತ ಗಾಡಿಯ ಭಾರವನ್ನು ಅದು ಹೊರುವುದೇ ಇಲ್ಲವೆನ್ನಬಹುದು. ಅನಿಲ ತುಂಬಿದವು ಸ್ವಲ್ಪ ಎತ್ತುತ್ತವೆ, ಅಷ್ಟೆ. ಆದುದರಿಂದ ಒಂದು ಕಡೆಗೆ ವಾಲಿದ ಗಾಡಿಗೆ ಹೊಸ ಶಾಕ್ ಅಬ್ಸಾರ್ಬರ್ ಹಾಕುವುದು ಕಾಲು ನೋವಿಗೆ ಕನ್ನಡಕ ಬದಲಾಯಿಸಿದಂತೆ. ನಮ್ಮ ಹುಡುಗನ ದುಡ್ಡು ಹೋದದ್ದು ಹೀಗೆ.

ಸ್ಪ್ರಿಂಗಿನ ಒಳಗುಟ್ಟು ನೋಡಬೇಕಾದರೆ ಒಂದು ಬಾಲ್ ಪೆನ್ನು ಬಿಚ್ಚಿ ಒಳಗಿನದನ್ನು ಹೊರತೆಗೆದು ಬೆರಳುಗಳ ನಡುವೆ ಒತ್ತಿ. ಸುರುಳಿ ಕುಗ್ಗುತ್ತದೆ. ತಂತಿ ಬಾಗಿತೆಂದು ನಿಮಗೆ ಅನ್ನಿಸುತ್ತದೆ. ನಿಜವಾಗಿ ತಂತಿ ಬಾಗುವುದಕ್ಕಿಂತ ಹೆಚ್ಚಾಗಿ ತನ್ನ ಉದ್ದಕ್ಕೂ ತಿರುಚಿಕೊಳ್ಳುತ್ತದೆ, ಒದ್ದೆ ಬಟ್ಟೆಯನ್ನು ಹಿಂಡಿದ ಹಾಗೆ. ಈ ಹಿಂಡುವಿಕೆಯ ಬಿಗಿತ ಕಂಬಿಯ ಹೊರಮೈಯಲ್ಲಿ ಹೆಚ್ಚು, ನಡುವಿನಲ್ಲಿ ಇಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಭಾರ ಎಷ್ಟೋ ಕುಗ್ಗುವುದು ಅಷ್ಟು, ಭಾರ ಎರಡರಷ್ಟಾದರೆ ಕುಗ್ಗುವುದೂ ಎರಡರಷ್ಟು ಎಂಬ ನಿಯಮವನ್ನು ಕಂಡವನು ಇಂಗ್ಲೆಂಡಿನ ರಾಬರ್ಟ್ ಹುಕ್. ೧೬೭೬ರಲ್ಲಿ ಅವನು ಇದನ್ನು ಬಿಚ್ಚಿ ಹೇಳದೆ, ಲ್ಯಾಟಿನ್ ವಾಕ್ಯವೊಂದರ ಹದಿನಾಲ್ಕು ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಿ ಒಗಟಿನಂತೆ ಅಚ್ಚುಹಾಕಿಸಿದ. ಇನ್ನೊಬ್ಬರು ಕದಿಯದಿರಲಿ, ಕಂಡ ಕೀರ್ತಿಯೂ ತನ್ನಲ್ಲೇ ಉಳಿಯಲಿ ಎಂಬ ಉಪಾಯ. ೧೬೭೮ರಲ್ಲಿ ತಾನೇ ಅದನ್ನು ಬಿಡಿಸಿದ. ನಮ್ಮ ಚಿತ್ರಕವಿಗಳಿಗೆ ಸಮುದ್ರದಾಚೆ ಒಬ್ಬ ಬಂಧು ಇದ್ದನೆಂದು ನನಗೆ ಸಂತೋಷ.

ಹುಕ್ಕನ ನಿಯಮದ ಜೊತೆಗೆ ಇನ್ನೊಂದು ಲೆಕ್ಕವಿದೆ. ಸುರುಳಿಯ ಗಡಸುತನ ಕಂಬಿಯ ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ. ೧೪ ಮಿಲಿಮೀಟರಿನ ಕಂಬಿಯ ಬದಲು, ಉಳಿದುದೆಲ್ಲ ಒಂದೇ ಆಗಿ, ೧೫ ಮಿಲಿಮೀಟರಿನದು ಹಾಕಿದರೆ ಗಡಸುತನ ನೂರಕ್ಕೆ ೩೨ರಷ್ಟು ಹೆಚ್ಚುತ್ತದೆ. ಕಣ್ಣಿಗೆ ಕಾಣದ ಒಂದು ಮಿಲಿಮೀಟರು! “ಸ್ವಲ್ಪ ದಪ್ಪದ್ದು ಹಾಕಿಬಿಡೋಣ ಸಾರ್” ಎಂದು ಗ್ಯಾರೇಜಿನವರು ಹೇಳಿದಾಗ ಇದು ಜ್ಞಾಪಕವಿರಲಿ. ಮೂಟೆ ಇಲ್ಲದ ದಿನ ಬೆನ್ನುಮೂಳೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಸುತ್ತು ಕಡಿಮೆಯಾದರೂ ಹಾಗೆಯೇ. ಕೆಲಸ ಮಾಡುವ ಸುತ್ತು ಎಂಟಿದ್ದಲ್ಲಿ ಒಂದನ್ನು ಕತ್ತರಿಸಿದರೆ ಉಳಿದ ಏಳು ಸುತ್ತು ಸುಮಾರು ನೂರಕ್ಕೆ ೧೪ರಷ್ಟು ಗಡುಸಾಗುತ್ತದೆ, ಗಾಡಿ ತಗ್ಗುತ್ತದೆ, ತಟ್ಟೆಯಲ್ಲಿ ಕೂರುವುದಕ್ಕೆಂದು ರೂಪಿಸಿದ ತುದಿ ಹೋಗಿಬಿಡುತ್ತದೆ. ಗಾಡಿ ಚೆಂದ ಕಾಣಲೆಂದು ಸ್ಪ್ರಿಂಗು ಕತ್ತರಿಸುವವರಿಗೆ ನಾನು ಹೇಳುವುದೇನೂ ಇಲ್ಲ.

ಸ್ಪ್ರಿಂಗು ಸತ್ತುಹೋಯಿತು, ಮೆತ್ತಗಾಯಿತು ಎಂಬ ಮಾತನ್ನು ನೀವೂ ಕೇಳಿರಬಹುದು. ಕೂತುಹೋಯಿತು ಎಂದರೆ ಒಪ್ಪಬಹುದು. ಮೆತ್ತಗಾಯಿತು ಎಂಬುದು ಬಹುಪಾಲು ಸರಿಯಲ್ಲ. ಉಕ್ಕಿನ ಗಡಸುತನ ವಯಸ್ಸಿನಿಂದ ಇಳಿಯುವುದಿಲ್ಲ. ವರ್ಷಗಟ್ಟಲೆ ಮಿತಿ ಮೀರಿದ ಭಾರ ಹೊತ್ತ ಸುರುಳಿ ಸ್ವಲ್ಪ ಶಾಶ್ವತವಾಗಿ ಗಿಡ್ಡವಾಗುತ್ತದೆ, ಅಷ್ಟೇ. ಹೊರಗೆ ತೆಗೆದು ನೆಲದ ಮೇಲೆ ಜೋಡಿಯ ಪಕ್ಕದಲ್ಲಿ ನಿಲ್ಲಿಸಿದರೆ ಗಿಡ್ಡವಾದುದು ಗೊತ್ತಾಗುತ್ತದೆ. ತುಕ್ಕು ತಿಂದು ಕಂಬಿಯೇ ತೆಳ್ಳಗಾದರೆ ಮಾತು ಬೇರೆ. ೧೪ ಮಿಲಿಮೀಟರು ಸವೆದು ೧೩.೫ ಆದರೂ ಸಾಕು, ನೂರಕ್ಕೆ ೧೩ರಷ್ಟು ಬಲ ಹೋಯಿತು.

ಈಗ ಕೊಟ್ಟಿಗೆಹಾರಕ್ಕೆ ಬರೋಣ. ಮಳೆ ತಗ್ಗಿದ ಮೇಲೆ ದಸರಾ ರಜಕ್ಕೆ ನಾನು ಅಕ್ಕನ ಮನೆಗೆ ಹೋದೆ. ಬಸ್ಸಿಳಿದವನನ್ನು ಕರೆದೊಯ್ಯಲು ಜೀಪು ಬಂದಿತ್ತು. ಹಳ್ಳ ದಾಟುವಾಗ ಹಿಂಬದಿಯಿಂದ ಗಡುಸಾದ ಒಂದು ಸದ್ದು, ಕಲ್ಲಿಗೆ ಕಬ್ಬಿಣ ತಾಗಿದಂತೆ. ಜೀಪು ಮತ್ತೆ ಬಲಕ್ಕೆ ವಾಲಿತ್ತು, ಮೊದಲಿಗಿಂತ ಹೆಚ್ಚು. “ರಬ್ಬರು ಜಾರಿರಬೇಕು” ಎಂದೆ ನಾನು, ಪಾಂಡಿತ್ಯವನ್ನು ಬಿಟ್ಟುಕೊಡದೆ. ಮಾರನೆಯ ದಿನ ತೋಟದ ಪಂಪು ರಿಪೇರಿಗೆಂದು ಬಂದಿದ್ದ ವಯಸ್ಸಾದ ಮೇಸ್ತ್ರಿಯೊಬ್ಬರು ಅಂಗಳದಲ್ಲಿ ನಿಂತ ಜೀಪನ್ನು ಸ್ವಲ್ಪ ಹೊತ್ತು ನೋಡಿದರು. ಲಾರಿ, ಜೀಪುಗಳ ಅಡಿಯಲ್ಲಿ ನಲವತ್ತು ವರ್ಷ ಮಲಗಿದವರಂತೆ. ಅವರು ಸ್ಪ್ಯಾನರು ಕೇಳಲಿಲ್ಲ. “ಮೇಷ್ಟ್ರೇ, ಮನೇಲಿ ಅಳತೆ ಟೇಪು ಇದೆಯಾ?” ಎಂದರು.

ಅವರು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ಕಾಫಿ ಒಣಗಿಸುವ ಸಿಮೆಂಟಿನ ಕಣವೇ ಅಲ್ಲಿ ಮಟ್ಟವಾದ ಜಾಗ. ಜೀಪನ್ನು ಅಲ್ಲಿಗೆ ತರಿಸಿದರು. ಹಿಂದಿದ್ದ ಮೂಟೆ, ಸರಪಳಿ, ಕತ್ತಿ ಎಲ್ಲವನ್ನೂ ಇಳಿಸಿದರು. ಹಿಂದಕ್ಕೂ ಮುಂದಕ್ಕೂ ನಾಲ್ಕು ಮಾರು ಓಡಿಸಿ, ಮೂಲೆಮೂಲೆಯನ್ನೂ ಒತ್ತಿ ಕುಣಿಸಿ, ಗಾಡಿ ತನ್ನಷ್ಟಕ್ಕೆ ನೆಲೆಯಾಗಲು ಬಿಟ್ಟರು. ಆಮೇಲೆ ಅಳೆದರು. ನಾನಾಗಿದ್ದರೆ ನೆಲದಿಂದ ಮಡ್‌ಗಾರ್ಡಿನವರೆಗೆ ಅಳೆಯುತ್ತಿದ್ದೆ. ಅವರು ಅಳೆದದ್ದು ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿನವರೆಗೆ. ಏಕೆಂದು ಕೇಳಿದೆ. ನೆಲದಿಂದ ಅಳೆದರೆ ಟೈರಿನ ಗಾಳಿಯೂ ಟೈರಿನ ಸವೆತವೂ ಲೆಕ್ಕಕ್ಕೆ ಬಂದುಬಿಡುತ್ತವೆ. ಚಕ್ರದ ಮಧ್ಯದಿಂದ ಅಳೆದರೆ ಟೈರಿನ ಮಾತೇ ಇಲ್ಲ, ಸ್ಪ್ರಿಂಗಿನದು ಮಾತ್ರ ಉಳಿಯುತ್ತದೆ ಎಂದರು. ಇಂಥ ಸರಳವಾದ ವಿವೇಕ ನನಗೆ ಐವತ್ತನಾಲ್ಕು ವರ್ಷ ಹೊಳೆದಿರಲಿಲ್ಲ.

ಹಿಂದಿನ ಎಡಕ್ಕೆ ೫೧ ಸೆಂಟಿಮೀಟರು, ಬಲಕ್ಕೆ ೪೭. ಮುಂದಿನ ಎಡಕ್ಕೆ ಬಲಕ್ಕಿಂತ ಒಂದು ಸೆಂಟಿಮೀಟರು ಹೆಚ್ಚು. ಇದನ್ನು ನೋಡಿ ಅವರು ತಲೆಯಾಡಿಸಿದರು. ನಾಲ್ಕು ಕಾಲಿನ ಮಂಚದ ಒಂದು ಕಾಲು ಗಿಡ್ಡವಾದರೆ ಅದರ ಎದುರು ಮೂಲೆ ಏಳುತ್ತದಲ್ಲವೆ, ಹಾಗೆ. ಮುಂದಿನ ಎಡ ಎದ್ದಿದ್ದರೆ ಹಿಂದಿನ ಬಲ ಕುಸಿದಿದೆ ಎಂಬುದಕ್ಕೆ ಅದು ಎರಡನೆಯ ಸಾಕ್ಷಿ. ಅಳತೆ ಇಷ್ಟು ಸ್ಪಷ್ಟವಾಗಿಲ್ಲದಿದ್ದರೆ ಅವರು ಎಡಬಲದ ಸ್ಪ್ರಿಂಗುಗಳನ್ನು ಅದಲುಬದಲು ಮಾಡಿ ನೋಡುತ್ತಿದ್ದರಂತೆ. ವಾಲುವುದು ಸ್ಪ್ರಿಂಗಿನ ಜೊತೆ ಆಚೆ ಹೋದರೆ ದೋಷ ಸ್ಪ್ರಿಂಗಿನದು. ಅಲ್ಲೇ ಉಳಿದರೆ ಚಾಸಿಯನ್ನೋ, ಸ್ಪ್ರಿಂಗು ಕೂರುವ ತಟ್ಟೆಯನ್ನೋ, ಮುಂದಿನ ಮೂಲೆಯನ್ನೋ ಅನುಮಾನಿಸಬೇಕು. ಒಂದು ಎಚ್ಚರಿಕೆ: ಕೆಲವು ಕಂಪನಿಗಳು ಎಡಕ್ಕೂ ಬಲಕ್ಕೂ ಬೇರೆ ಬೇರೆ ಸ್ಪ್ರಿಂಗನ್ನೇ ಕೊಟ್ಟಿರುತ್ತವೆ, ಚಾಲಕನ ಭಾರ, ಪೆಟ್ರೋಲ್ ಟ್ಯಾಂಕಿನ ಭಾರ ಒಂದು ಕಡೆ ಬೀಳುವುದರಿಂದ. ಲ್ಯಾಂಡ್ ರೋವರಿನ ಸ್ಪ್ರಿಂಗುಗಳ ಮೇಲೆ ಬಣ್ಣದ ಪಟ್ಟೆಗಳಿರುವುದು ಈ ಗುರುತಿಗಾಗಿಯೇ. ಬಿಚ್ಚುವ ಮೊದಲು ಸೀಮೆಸುಣ್ಣದಲ್ಲಿ ಎಡ, ಬಲ, ಮೇಲು, ಕೆಳಗೆ ಎಂದು ಗುರುತು ಹಾಕಿಕೊಳ್ಳಬೇಕು.

ಅಳತೆ ಮುಗಿಯಿತು. ಆಮೇಲೆ ಬಂದದ್ದು ಸ್ಪ್ಯಾನರಲ್ಲ, ನೀರಿನ ಪೈಪು. ಗಾಡಿಯ ಅಡಿಯನ್ನು ತೊಳೆಯದೆ ನೋಡುವುದೂ ಒಂದೇ, ನೋಡದಿರುವುದೂ ಒಂದೇ. ಸುರುಳಿಯ ಕೆಳತುದಿ ಕೂರುವ ಬಟ್ಟಲಿನಂಥ ತಟ್ಟೆಯಲ್ಲಿ ನಮ್ಮ ಮಲೆನಾಡಿನ ಕೆಮ್ಮಣ್ಣು ಮಳೆಗಾಲದುದ್ದಕ್ಕೂ ಮೆತ್ತಿ ಗಾರೆಯಂತಾಗಿತ್ತು. ನೀರು ಹರಿದುಹೋಗಲು ತಟ್ಟೆಯ ತಳದಲ್ಲಿದ್ದ ತೂತು ಮುಚ್ಚಿಹೋಗಿತ್ತು. ನಾನು ಹಾಕಿಸಿದ ರಬ್ಬರು ತುಂಡು ಸುತ್ತುಗಳ ನಡುವೆ ಕೂತು ಮತ್ತಷ್ಟು ಮಣ್ಣನ್ನು ಹಿಡಿದಿಟ್ಟಿತ್ತು. ಕಡ್ಡಿಯಿಂದ ಮಣ್ಣು ಕೆದಕಿ, ರಬ್ಬರು ಕಿತ್ತು, ಟಾರ್ಚು ಹಿಡಿದು, “ಬನ್ನಿ ಮೇಷ್ಟ್ರೇ, ನೋಡಿ” ಎಂದರು.

ಬಲಗಡೆಯ ಸ್ಪ್ರಿಂಗಿನ ಕೊನೆಯ ಸುತ್ತು ತುಂಡಾಗಿತ್ತು. ಹೊಸ ಮುರಿತವಲ್ಲ, ಮುರಿದ ಮುಖದ ಬಹುಪಾಲು ಕಪ್ಪಾಗಿ ತುಕ್ಕು ಹಿಡಿದಿತ್ತು, ಅಂಚಿನಲ್ಲಿ ಒಂದಿಷ್ಟು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಎಂದರೆ ಬಿರುಕು ಬೇಸಿಗೆಯಲ್ಲೇ ಇತ್ತು, ಕೊನೆಯ ಎಳೆ ಬಿಟ್ಟುಕೊಂಡದ್ದು ಈಚೆಗೆ. ತುಂಡಾದ ಚೂರು ತಟ್ಟೆಯಿಂದ ಅರ್ಧ ಹೊರಗೆ ಬಂದು, ಆಕ್ಸಲಿನ ಮೇಲೆ ಹಾದುಹೋಗುವ ಬ್ರೇಕ್ ಎಣ್ಣೆಯ ಸಣ್ಣ ಉಕ್ಕಿನ ಕೊಳವೆಗೆ ಒರಗಿಕೊಂಡಿತ್ತು. ಗಾಡಿ ಕುಲುಕಿದಾಗಲೆಲ್ಲ ಅದು ಕೊಳವೆಯನ್ನು ಉಜ್ಜಿ, ಬೆರಳುಗುರಿನಷ್ಟು ಜಾಗ ಬೆಳ್ಳಿಯಂತೆ ಹೊಳಪಾಗಿತ್ತು. ಮೇಸ್ತ್ರಿ ಆ ಜಾಗದ ಮೇಲೆ ಬೆರಳಾಡಿಸಿದರು. ಏನೂ ಹೇಳಲಿಲ್ಲ. ನಮ್ಮ ಹುಡುಗ, “ಮಾವ, ಮಕ್ಕಳು ಕೂರೋದು ಇದರ ಮೇಲೇನೇ” ಎಂದ. ನಾನೂ ಏನೂ ಹೇಳಲಿಲ್ಲ.

ಕಂಬಿಯ ಬಿಗಿತ ಹೊರಮೈಯಲ್ಲಿ ಹೆಚ್ಚು ಎಂದು ಆಗಲೇ ಹೇಳಿದೆನಲ್ಲ, ಇಲ್ಲಿ ಅದನ್ನು ನೋಡಿ. ತಟ್ಟೆಯಲ್ಲಿ ಕೂತ ತುದಿ ಮಣ್ಣುಕಲ್ಲಿಗೆ ಉಜ್ಜಿ ಬಣ್ಣ ಹೋಗುತ್ತದೆ. ಅಲ್ಲಿ ಒದ್ದೆ ಆರುವುದೇ ಇಲ್ಲ. ತುಕ್ಕು ಒಂದು ಚಿಕ್ಕ ಗುಳಿ ತೋಡುತ್ತದೆ. ಹಿಂಡುವ ಬಲವೆಲ್ಲ ಆ ಗುಳಿಯ ತಳಕ್ಕೆ ಬಂದು ಸೇರುತ್ತದೆ. ಬಿರುಕು ಅಲ್ಲಿಂದ ಒಳಕ್ಕೆ ಇಳಿಯುತ್ತದೆ, ಲಕ್ಷಗಟ್ಟಲೆ ಕುಲುಕುಗಳಲ್ಲಿ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ. ಆದುದರಿಂದಲೇ ಸುರುಳಿಗಳು ಬಹುಮಟ್ಟಿಗೆ ತುದಿಯ ಸುತ್ತಿನಲ್ಲಿ, ಕಣ್ಣಿಗೆ ಕಾಣದ ಕಡೆಯಲ್ಲಿ, ಮುರಿಯುತ್ತವೆ. ತುದಿ ಮುರಿದ ಸುರುಳಿ ಒಂದಿಷ್ಟು ತಗ್ಗಿ ಮತ್ತೆ ತಟ್ಟೆಯಲ್ಲೇ ಕೂರುತ್ತದೆ. ಗಾಡಿ ಓಡುತ್ತಲೇ ಇರುತ್ತದೆ. ನನ್ನ ರಬ್ಬರು ಮಾಡಿದ್ದೇನೆಂದರೆ, ವಾಲುವುದನ್ನು ಮರೆಸಿತು. ವಾಲುವಿಕೆ ಗಾಡಿ ಹೇಳುತ್ತಿದ್ದ ಮಾತು. ಅದರ ಬಾಯಿಗೆ ರಬ್ಬರು ತುರುಕಿದವನು ನಾನು. ಅಷ್ಟೇ ಅಲ್ಲ, ರಬ್ಬರು ಹಿಡಿದ ಸುತ್ತುಗಳು ಕೆಲಸ ನಿಲ್ಲಿಸಿದ್ದರಿಂದ ಚಕ್ರದ ಏರಿಳಿತವನ್ನೆಲ್ಲ ಉಳಿದ ಸುತ್ತುಗಳೇ ಹೊರಬೇಕಾಯಿತು. ಅವುಗಳಲ್ಲಿ ಬಿರುಕು ಬಿಟ್ಟ ಸುತ್ತೂ ಒಂದು.

ಸ್ಪ್ರಿಂಗು ಬಿಚ್ಚುವ ಕೆಲಸವನ್ನು ನಾನು ನೋಡಿದೆ. ನೀವು ಮಾಡಿರೆಂದು ಹೇಳುವುದಿಲ್ಲ, ಮಾಡಿಸುವಾಗ ನಿಂತು ನೋಡಿ ಎನ್ನುತ್ತೇನೆ. ೫೦೦ ಕಿಲೋಗ್ರಾಂ ಭಾರಕ್ಕೆ ೧೫ ಸೆಂಟಿಮೀಟರು ಕುಗ್ಗಿದ ಸುರುಳಿಯೊಳಗೆ, ೩೭ ಕಿಲೋ ತೂಕದ ಗುಂಡುಕಲ್ಲನ್ನು ಒಂದು ಮೀಟರು ಎತ್ತರದಿಂದ ಕೆಡವಿದಷ್ಟು ಶಕ್ತಿ ಅವಿತಿರುತ್ತದೆ. ಮೇಸ್ತ್ರಿ ಮುಂದಿನ ಚಕ್ರಗಳಿಗೆ ದಿಮ್ಮಿ ಕೊಟ್ಟು, ಹಿಂಬದಿಯನ್ನೆತ್ತಿ, ಚಾಸಿಯ ಎರಡು ಕಡೆಗೂ ಕಬ್ಬಿಣದ ಸ್ಟ್ಯಾಂಡು ಕೊಟ್ಟರು. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕುವವನು ಬದುಕಿನ ಮೇಲೆ ಬೇಸರವುಳ್ಳವನು ಎಂದರು. ಜಾಕಿಯನ್ನು ಆಕ್ಸಲಿನ ಅಡಿಗೆ ತಂದು, ಶಾಕ್ ಅಬ್ಸಾರ್ಬರುಗಳ ಕೆಳಗಿನ ಬೋಲ್ಟು ಬಿಚ್ಚಿ, ಆಕ್ಸಲನ್ನು ಅಂಗುಲ ಅಂಗುಲವಾಗಿ ಇಳಿಸಿದರು. ಬ್ರೇಕಿನ ರಬ್ಬರ್ ಕೊಳವೆಯೂ ಚಕ್ರದ ತಂತಿಯೂ ಜಗ್ಗದಂತೆ ಹುಡುಗನನ್ನು ಕಾವಲಿಟ್ಟರು. ಸುರುಳಿ ತಾನಾಗಿ ಸಡಿಲಗೊಂಡು ಕೈಗೆ ಬಂದಿತು. ಆಕ್ಸಲು ಮೇಲೆ ಬೇರೆ ಸ್ಪ್ರಿಂಗು ಬೇರೆ ಇರುವ ಹಿಂಬದಿಗೆ ಇದು ಸರಿ. ಶಾಕ್ ಅಬ್ಸಾರ್ಬರಿನ ಸುತ್ತಲೇ ಸ್ಪ್ರಿಂಗನ್ನು ಬಿಗಿದಿಟ್ಟ ಜೋಡಣೆಗೆ ಇದು ಸಲ್ಲದು. ಅದಕ್ಕೆ ಸ್ಪ್ರಿಂಗನ್ನು ಹಿಡಿದು ಅಮುಕುವ ಸಲಕರಣೆ ಬೇಕೇ ಬೇಕು.

ಹೊಸ ಸ್ಪ್ರಿಂಗು ಎರಡು ಕಡೆಗೂ ಹಾಕಬೇಕು, ಒಂದೇ ಕಡೆ ಹಾಕಿದರೆ ಹೊಸದರ ಎದುರು ಕೂತ ಹಳೆಯದು ಮತ್ತೆ ವಾಲಿಸುತ್ತದೆ. ತಟ್ಟೆಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಬಣ್ಣ ಬಳಿದರು, ತೂತನ್ನು ಬಿಡಿಸಿದರು, ಮೇಲಿನ ರಬ್ಬರ್ ಗಾದಿಯನ್ನು ಹೊಸದು ಹಾಕಿದರು, ಸುರುಳಿಯ ತುದಿ ತಟ್ಟೆಯಲ್ಲಿರುವ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂರುವಂತೆ ತಿರುಗಿಸಿದರು. ಬ್ರೇಕಿನ ಕೊಳವೆಯನ್ನೂ ಬದಲಾಯಿಸಿದರು. ಹುಡುಗ ಸುಮ್ಮನಿರಲಿಲ್ಲ. “ಹೇಗೂ ಬಿಚ್ಚಿದೀವಿ, ಎರಡಂಗುಲ ಎತ್ತರದ ಸ್ಪ್ರಿಂಗು ಹಾಕೋಣ” ಎಂದ. ಈ ಆಸೆ ಹುಡುಗರಲ್ಲಿ ಸಾಮಾನ್ಯ. ಮೇಸ್ತ್ರಿ ಬೈಯದೆ ವಿವರಿಸಿದರು. ಸ್ಪ್ರಿಂಗು ಉದ್ದವಾಗಿ ಶಾಕ್ ಅಬ್ಸಾರ್ಬರು ಹಳೆಯದೇ ಆದರೆ, ಚಕ್ರ ಗುಂಡಿಗಿಳಿದಾಗ ಅದು ಪೂರ್ತಿ ಚಾಚಿ ತುದಿಯ ಬೋಲ್ಟನ್ನು ಕೀಳುತ್ತದೆ. ಶಾಕ್ ಅಬ್ಸಾರ್ಬರನ್ನು ತೀರ ಉದ್ದ ಮಾಡಿದರೆ, ಚಕ್ರ ನೇತಾಡಿದಾಗ ಸ್ಪ್ರಿಂಗು ತಟ್ಟೆ ಬಿಟ್ಟು ಸಡಿಲವಾಗುತ್ತದೆ. ಮತ್ತೆ ಭಾರ ಬಿದ್ದಾಗ ಎಲ್ಲಿ ಕೂರುತ್ತದೆಯೋ ಅದರ ಪುಣ್ಯ. ಎತ್ತರಿಸಿದಾಗ ತೋಳುಗಳ ಕೋನ ಬದಲಾಗಿ ಆಕ್ಸಲು ಕೊಂಚ ತಿರುಗುತ್ತದೆ, ಅಡ್ಡ ಸರಳು ಅದನ್ನು ಕೊಂಚ ಪಕ್ಕಕ್ಕೆ ಎಳೆಯುತ್ತದೆ. ಆಗ ಸುರುಳಿ ನೆಟ್ಟಗೆ ನಿಲ್ಲದೆ ಬಾಳೆಕಾಯಿಯಂತೆ ಬಾಗಿ ಕಾಣುತ್ತದೆ. ಅದನ್ನು ಕಂಡು ಸ್ಪ್ರಿಂಗು ಕೆಟ್ಟಿದೆಯೆಂದು ಮತ್ತೊಂದು ಜೊತೆ ಕೊಳ್ಳುವವರೂ ಇದ್ದಾರಂತೆ. ಎತ್ತರ ಬೇಕಾದರೆ ಎಲ್ಲವನ್ನೂ ಹೊಂದಿಸಿ ಎತ್ತರಿಸಬೇಕು, ಇಲ್ಲವೆ ಸುಮ್ಮನಿರಬೇಕು. ಹುಡುಗ ಸುಮ್ಮನಾದ.

ಹಳ್ಳದಲ್ಲಿ ಕೇಳಿದ ಆ ಗಡುಸಾದ ಸದ್ದಿಗೆ ಉತ್ತರವೂ ಸಿಕ್ಕಿತು. ಆಕ್ಸಲು ತೀರ ಮೇಲೆ ಬಂದಾಗ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರಿನ ಗುಬುಟು ಬಲಗಡೆ ಹರಿದು ಬಿದ್ದುಹೋಗಿತ್ತು. ಮುರಿದ ಸ್ಪ್ರಿಂಗು ತಗ್ಗಿದ್ದರಿಂದ ಪೆಟ್ಟೆಲ್ಲ ಅದಕ್ಕೇ ಬಿದ್ದಿತ್ತು. ಅದು ಇಪ್ಪತ್ತು ನಿಮಿಷದ ಕೆಲಸ.

ಸಂಜೆ ಮತ್ತೆ ಕಣದ ಮೇಲೆ ಅಳೆದಾಗ ಹಿಂದಿನ ಎಡ ೫೩, ಬಲ ೫೨.೫. ಒಂದು ತಿಂಗಳು ಓಡಿದ ಮೇಲೆ ಹೊಸ ಸ್ಪ್ರಿಂಗು ತುಸು ಕೂರುತ್ತದೆ, ಆಗ ಮತ್ತೆ ಅಳೆದು ಬರೆದಿಡಿ ಎಂದು ಹೇಳಿ ಮೇಸ್ತ್ರಿ ಹೊರಟರು. ದೀಪಾವಳಿಯ ಹೊತ್ತಿಗೆ ಹುಡುಗ ಅಳೆದು ಫೋನು ಮಾಡಿದ: ೫೨.೫, ೫೨. ಆ ಅರ್ಧ ಸೆಂಟಿಮೀಟರನ್ನು ಏನು ಮಾಡೋಣವೆಂದು ಮೇಸ್ತ್ರಿಯನ್ನು ಕೇಳಿದನಂತೆ. ಪೆಟ್ರೋಲ್ ಟ್ಯಾಂಕು ಒಂದು ಕಡೆ ಇರುವ ಗಾಡಿಗೆ ಅದು ಲೆಕ್ಕವಲ್ಲ, ಬಿಟ್ಟುಬಿಡು ಎಂದರಂತೆ. ಈಗ ಕಣದ ಗೋಡೆಯ ಮೇಲೆ ಆ ಅಂಕಿಗಳು ಇದ್ದಿಲಿನಲ್ಲಿ ಬರೆದಿವೆ. ವಾರಕ್ಕೊಮ್ಮೆ ತಟ್ಟೆಯ ಮಣ್ಣಿಗೆ ನೀರು ಬಿಡುತ್ತಾನೆ. ನಾನು ಹಾಕಿಸಿದ ರಬ್ಬರು ತುಂಡುಗಳು ಪಂಪಿನ ಅಡಿಯಲ್ಲಿವೆ. ಪಂಪಿನ ಸದ್ದು ಬಹಳ ಕಡಿಮೆಯಾಗಿದೆಯೆಂದು ಅಕ್ಕ ಹೇಳುತ್ತಾಳೆ.